ಪೆಟ್ರೋಲ್ ತುಂಬಿಸಿದ ಕೂಡಲೇ ಸ್ಟಾರ್ಟ್ ಆಗದ ಕಾರು: ಪರ್ಜ್ ವಾಲ್ವ್ ಹುಡುಕುವುದು, ಪರೀಕ್ಷಿಸುವುದು ಹೇಗೆ?

ನನ್ನ ಕಾರು ಪೆಟ್ರೋಲ್ ಬಂಕಿನಲ್ಲಿ ಮಾತ್ರ ಹಟ ಹಿಡಿಯುತ್ತಿತ್ತು. ಟ್ಯಾಂಕ್ ತುಂಬಿಸಿ ಕೀಲಿ ತಿರುಗಿಸಿದರೆ ಸೆಲ್ಫ್ ಚೆನ್ನಾಗಿಯೇ ತಿರುಗುತ್ತಿತ್ತು, ಎಂಜಿನ್ ಹಿಡಿಯುತ್ತಿರಲಿಲ್ಲ. ನಾಲ್ಕೈದು ಸಲ ಪ್ರಯತ್ನಿಸಿದ ಮೇಲೆ ಕೆಮ್ಮುತ್ತಾ ಎದ್ದು, ಅರ್ಧ ನಿಮಿಷ ನಡುಗಿ, ಆಮೇಲೆ ಏನೂ ಆಗಿಲ್ಲವೆಂಬಂತೆ ಓಡುತ್ತಿತ್ತು. ಬೆಳಗಿನ ಚಳಿಯಲ್ಲಿ ತೊಂದರೆ ಇರಲಿಲ್ಲ, ದೂರದ ಪ್ರಯಾಣದಲ್ಲೂ ಇರಲಿಲ್ಲ. ಮೊದಲು ಸ್ಪಾರ್ಕ್ ಪ್ಲಗ್‌ಗಳು ಬದಲಾದವು, ನಂತರ ಬ್ಯಾಟರಿ, ಕೊನೆಗೆ ಟ್ಯಾಂಕಿನೊಳಗಿನ ಫ್ಯೂಯೆಲ್ ಪಂಪ್. ಮೂರೂ ಹೊಸದಾದವು, ತೊಂದರೆ ಮಾತ್ರ ಹಳೆಯದೇ ಉಳಿಯಿತು. ತಪ್ಪು ಇದ್ದದ್ದು ಅಂಗೈಯಲ್ಲಿ ಹಿಡಿಸುವ ಒಂದು ಪ್ಲಾಸ್ಟಿಕ್ ವಾಲ್ವಿನಲ್ಲಿ. ಅದನ್ನು ಪರೀಕ್ಷಿಸಲು ಬೇಕಾಗಿದ್ದದ್ದು ಒಂದು ಬೆರಳು ಮತ್ತು ಐದು ನಿಮಿಷ. ಬಿಡಿಭಾಗ ಕೊಳ್ಳುವ ಮೊದಲು ಆ ಐದು ನಿಮಿಷ ಕೊಡಿ ಎಂದು ಕೇಳಿಕೊಳ್ಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ಈ ವಾಲ್ವ್ ಮಾಡುವ ಕೆಲಸವೇನು?

ಪೆಟ್ರೋಲ್ ನಿಂತಲ್ಲೇ ಆವಿಯಾಗುವ ದ್ರವ. ಹಿಂದಿನ ಕಾರುಗಳಲ್ಲಿ ಟ್ಯಾಂಕಿನ ಆವಿ ನೇರವಾಗಿ ಗಾಳಿಗೆ ಸೇರುತ್ತಿತ್ತು. ಕ್ಯಾಲಿಫೋರ್ನಿಯಾದಲ್ಲಿ 1970ರಲ್ಲಿ, ಮರುವರ್ಷ ಇಡೀ ಅಮೆರಿಕದಲ್ಲಿ, ಹೊಸ ಕಾರುಗಳು ಈ ಆವಿಯನ್ನು ತಡೆಹಿಡಿಯಲೇಬೇಕೆಂಬ ನಿಯಮ ಬಂತು. ಕ್ರಮೇಣ ಜಗತ್ತಿನ ಬೇರೆ ಕಡೆಗಳಲ್ಲೂ ಅದೇ ವ್ಯವಸ್ಥೆ ನೆಲೆಯೂರಿತು. ಟ್ಯಾಂಕಿನ ಆವಿ ಒಂದು ಡಬ್ಬಿಗೆ ಹೋಗುತ್ತದೆ. ಡಬ್ಬಿಯೊಳಗೆ ಸಕ್ರಿಯ ಇದ್ದಿಲಿನ ಕಾಳುಗಳಿರುತ್ತವೆ. ಇದ್ದಿಲು ಆವಿಯನ್ನು ಹೀರಿಕೊಂಡು ಹಿಡಿದಿಡುತ್ತದೆ. ಎಂಜಿನ್ ಬಿಸಿಯಾಗಿ ಕಾರು ಸಲೀಸಾಗಿ ಓಡುತ್ತಿರುವಾಗ ಎಂಜಿನ್ನಿನ ಕಂಪ್ಯೂಟರ್, ಅಂದರೆ ಇಸಿಯು, ಡಬ್ಬಿಗೂ ಎಂಜಿನ್ನಿಗೂ ನಡುವೆ ಇರುವ ಪರ್ಜ್ ವಾಲ್ವನ್ನು ತೆರೆಯುತ್ತದೆ. ಆಗ ಇನ್‌ಟೇಕ್ ಮ್ಯಾನಿಫೋಲ್ಡಿನ (ಎಂಜಿನ್ನಿಗೆ ಗಾಳಿ ಹಂಚುವ ಕೊಳವೆಯ) ಸೆಳೆತ ಆ ಆವಿಯನ್ನು ಎಳೆದುಕೊಳ್ಳುತ್ತದೆ, ಆವಿ ಎಂಜಿನ್ನಿನಲ್ಲಿ ಉರಿದುಹೋಗುತ್ತದೆ. ಡಬ್ಬಿಯ ಇನ್ನೊಂದು ಬಾಯಿಯಲ್ಲಿ ವೆಂಟ್ ಎಂಬ ದಾರಿಯಿದ್ದು, ಅಲ್ಲಿಂದ ಹೊರಗಿನ ಗಾಳಿ ಒಳಬಂದು ಇದ್ದಿಲನ್ನು ತೊಳೆಯುತ್ತದೆ.

ಇಲ್ಲಿ ನೆನಪಿಡಬೇಕಾದ ಮಾತು ಒಂದೇ: ವಿದ್ಯುತ್ ಇಲ್ಲದಾಗ ಪರ್ಜ್ ವಾಲ್ವ್ ಮುಚ್ಚಿರಬೇಕು. ಒಳಗಿನ ಸುರುಳಿಗೆ ವಿದ್ಯುತ್ ಬಂದಾಗಷ್ಟೇ ಅದು ತೆರೆಯುತ್ತದೆ. ಅದೂ ಒಮ್ಮೆಲೇ ಪೂರ್ತಿಯಾಗಿ ಅಲ್ಲ. ಇಸಿಯು ಸೆಕೆಂಡಿಗೆ ಹಲವು ಬಾರಿ ಅದನ್ನು ತೆರೆದು ಮುಚ್ಚುತ್ತಾ, ಹರಿಯುವ ಆವಿಯ ಪ್ರಮಾಣವನ್ನು ಅಳೆದು ಕೊಡುತ್ತದೆ. ಮುಂದಿನ ಎಲ್ಲ ಪರೀಕ್ಷೆಗಳೂ ಈ ಒಂದು ಮಾತಿನ ಮೇಲೆ ನಿಂತಿವೆ. ಅಂದ ಹಾಗೆ, ಡೀಸೆಲ್ ಕಾರಿನಲ್ಲಿ ಈ ವಾಲ್ವ್ ಇರುವುದಿಲ್ಲ.

ಲಕ್ಷಣಗಳು

ವಾಲ್ವ್ ಎರಡು ರೀತಿಯಲ್ಲಿ ಕೆಡುತ್ತದೆ. ತೆರೆದುಕೊಂಡೇ ಸಿಕ್ಕಿಹಾಕಿಕೊಳ್ಳಬಹುದು, ಇಲ್ಲವೇ ಮುಚ್ಚಿಕೊಂಡೇ ಉಳಿಯಬಹುದು. ಓಡಿಸುವವರನ್ನು ಕಾಡುವುದು ಮೊದಲನೆಯದು.

ಟ್ಯಾಂಕ್ ತುಂಬುವಾಗ ಒಳಗಿನ ಆವಿಯೆಲ್ಲ ಇದ್ದಿಲಿನ ಡಬ್ಬಿಯ ಕಡೆಗೆ ನುಗ್ಗುತ್ತದೆ. ವಾಲ್ವ್ ತೆರೆದೇ ಇದ್ದರೆ, ಸೆಲ್ಫ್ ಹೊಡೆದ ಕ್ಷಣವೇ ಆ ದಟ್ಟ ಆವಿ ಎಂಜಿನ್ನಿಗೆ ಹೋಗುತ್ತದೆ. ಇಂಜೆಕ್ಟರ್ ತನ್ನ ಪಾಲಿನ ಪೆಟ್ರೋಲನ್ನೂ ಕೊಡುತ್ತದೆ. ಮಿಶ್ರಣದಲ್ಲಿ ಪೆಟ್ರೋಲ್ ಅತಿಯಾಗಿ, ಕಿಡಿ ಇದ್ದರೂ ಎಂಜಿನ್ ಹೊತ್ತಿಕೊಳ್ಳುವುದಿಲ್ಲ. ಆಕ್ಸಿಲರೇಟರ್ ಒತ್ತಿ ಹಿಡಿದು ಸ್ಟಾರ್ಟ್ ಮಾಡಿದರೆ ಎದ್ದೇಳುತ್ತದೆ ಎನ್ನುವುದು ಇದೇ ಕಾರಣಕ್ಕೆ: ಗಾಳಿ ಹೆಚ್ಚು ಬರುತ್ತದೆ, ಮ್ಯಾನಿಫೋಲ್ಡಿನ ಸೆಳೆತ ಕಡಿಮೆಯಾಗುತ್ತದೆ, ಜೊತೆಗೆ ಪೆಡಲ್ ಪೂರ್ತಿ ಒತ್ತಿದಾಗ ಅನೇಕ ಕಾರುಗಳ ಇಸಿಯು ಇಂಜೆಕ್ಟರ್‌ಗಳನ್ನೇ ನಿಲ್ಲಿಸುತ್ತದೆ. ನಿಮ್ಮ ಕಾರು ಪೆಟ್ರೋಲ್ ಹಾಕಿಸಿದ ದಿನ ಮಾತ್ರ ಹೀಗೆ ಕಾಡಿ, ಪೆಡಲ್ ಒತ್ತಿದರೆ ಏಳುತ್ತದೆಯಾದರೆ ಬೇರೆಲ್ಲವನ್ನೂ ಬಿಟ್ಟು ಮೊದಲು ಈ ವಾಲ್ವನ್ನೇ ನೋಡಿ.

ಇತರ ಸಂದರ್ಭಗಳಲ್ಲಿ ಐಡಲಿನಲ್ಲಿ ಎಂಜಿನ್ ಅದುರುತ್ತದೆ, ಸಿಗ್ನಲ್ಲಿನಲ್ಲಿ ನಿಂತಾಗ ಆರಿಹೋಗಲೂಬಹುದು. ಮುಚ್ಚಿಕೊಂಡು ಉಳಿದ ವಾಲ್ವ್ ಇಷ್ಟು ಸದ್ದು ಮಾಡುವುದಿಲ್ಲ. ಕಾರು ಚೆನ್ನಾಗಿಯೇ ಓಡುತ್ತದೆ. ಚೆಕ್ ಎಂಜಿನ್ ದೀಪ ಹೊತ್ತುತ್ತದೆ, ಹಿಂಬದಿಯಲ್ಲಿ ಆಗಾಗ ಪೆಟ್ರೋಲ್ ವಾಸನೆ ಬರುತ್ತದೆ, ಅಷ್ಟೇ.

ಟ್ಯಾಂಕಿನ ಮುಚ್ಚಳ ತೆಗೆದಾಗ ಸಣ್ಣಗೆ ‘ಹುಸ್’ ಎನ್ನುವುದು ಸಹಜ, ಅದಕ್ಕೆ ಗಾಬರಿ ಬೇಡ. ಮುಚ್ಚಳವನ್ನು ಯಾರೋ ಒಳಗಿನಿಂದ ಹಿಡಿದೆಳೆದಂತೆ ಜೋರು ಸೆಳೆತವಿದ್ದರೆ ಮಾತ್ರ ಅನುಮಾನಿಸಿ. ಪರ್ಜ್ ವಾಲ್ವ್ ತೆರೆದೇ ಇದ್ದು, ವೆಂಟ್ ದಾರಿಯೂ ಧೂಳಿನಿಂದ ಕಟ್ಟಿಕೊಂಡಿದ್ದರೆ ಹಾಗಾಗುತ್ತದೆ.

ಕೋಡ್ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಇಸಿಯು ದಾಖಲಿಸಿದ ದೋಷದ ಕೋಡ್‌ಗಳನ್ನು ಓದುವ ಓಬಿಡಿ ಸ್ಕ್ಯಾನರ್ ಇದ್ದರೆ ಕೋಡ್ ಓದಿ ಬರೆದಿಟ್ಟುಕೊಳ್ಳಿ. ಅಳಿಸುವುದು ಆಮೇಲೆ. ಪಿ0443, ಪಿ0444, ಪಿ0445, ಪಿ0458, ಪಿ0459 ಬಂದರೆ ದೂರು ವಿದ್ಯುತ್ ಕಡೆಯದು: ತಂತಿ, ಕನೆಕ್ಟರ್, ಸುರುಳಿ, ಫ್ಯೂಸ್. ಪಿ0441 ಎಂದರೆ ಆವಿ ಹರಿಯಬೇಕಾದಂತೆ ಹರಿಯುತ್ತಿಲ್ಲ. ಪಿ0496 ಎಂದರೆ ಹರಿಯಬಾರದ ಹೊತ್ತಿನಲ್ಲೂ ಹರಿಯುತ್ತಿದೆ, ತೆರೆದು ಸಿಕ್ಕಿಕೊಂಡ ವಾಲ್ವಿನ ಗುರುತು ಇದು. ಪಿ0497 ಎಂದರೆ ಹರಿವು ಸಾಲದು. ಪಿ0442, ಪಿ0455, ಪಿ0456 ಸೋರಿಕೆಯ ಕೋಡ್‌ಗಳು. ಪಿ0456ರಲ್ಲಿ ಇಸಿಯು ಹುಡುಕುವ ರಂಧ್ರ ಸುಮಾರು ಅರ್ಧ ಮಿಲಿಮೀಟರಿನದು. ಸೋರಿಕೆಯ ಕೋಡ್ ಬಂದ ಕೂಡಲೇ ಎಲ್ಲರೂ ಟ್ಯಾಂಕಿನ ಮುಚ್ಚಳದ ಮೇಲೆ ತಪ್ಪು ಹೊರಿಸುತ್ತಾರೆ. ಮುಚ್ಚಳದ ರಬ್ಬರ್ ನೋಡುವುದು ಸರಿಯೇ, ಆದರೆ ಬಿಗಿಯಾಗಿ ಮುಚ್ಚದ ಪರ್ಜ್ ವಾಲ್ವೂ ಅದೇ ಕೋಡ್ ತರಿಸಬಲ್ಲದು.

ಕೋಡ್ ಬೊಟ್ಟು ಮಾಡುವುದು ಒಂದು ದಾರಿಯನ್ನು, ಒಂದು ಬಿಡಿಭಾಗವನ್ನಲ್ಲ. ‘ಪರ್ಜ್ ವಾಲ್ವ್ ಸರ್ಕ್ಯೂಟ್’ ಎಂದು ತೆರೆಯ ಮೇಲೆ ಬಂದ ಮಾತ್ರಕ್ಕೆ ವಾಲ್ವ್ ಕೆಟ್ಟಿದೆ ಎಂದಾಗುವುದಿಲ್ಲ. ಇಲಿ ಕಡಿದ ಒಂದು ತಂತಿಯೂ ಅದೇ ಕೋಡ್ ತರಿಸುತ್ತದೆ.

ಹುಡುಕುವ ಬಗೆ

ಎಂಜಿನ್ ಆರಿಸಿ, ತಣ್ಣಗಾಗಲು ಬಿಡಿ. ಬಾನೆಟ್ ತೆರೆದು ಥ್ರಾಟಲ್ ಬಾಡಿಯನ್ನು ಗುರುತಿಸಿ. ಏರ್ ಫಿಲ್ಟರ್ ಡಬ್ಬಿಯಿಂದ ಬರುವ ದಪ್ಪ ಕೊಳವೆ ಸೇರುವ ಜಾಗವೇ ಅದು. ಅದರ ಹಿಂದೆ ಎಂಜಿನ್ನಿಗೆ ಅಂಟಿಕೊಂಡಿರುವುದು ಇನ್‌ಟೇಕ್ ಮ್ಯಾನಿಫೋಲ್ಡ್. ಬಹುಪಾಲು ಕಾರುಗಳಲ್ಲಿ ಪರ್ಜ್ ವಾಲ್ವ್ ಇದರ ಮೇಲೆಯೇ ಅಥವಾ ಒಂದು ಗೇಣಿನ ಆಸುಪಾಸಿನಲ್ಲಿ ಇರುತ್ತದೆ. ಕಪ್ಪು ಪ್ಲಾಸ್ಟಿಕ್ಕಿನ ಸಣ್ಣ ದಿಂಡು, ಎರಡು ಮೂತಿ, ಎರಡು ಪಿನ್ನಿನ ಒಂದು ಕನೆಕ್ಟರ್. ಒಂದು ಮೂತಿಯ ಹೋಸ್ ಮ್ಯಾನಿಫೋಲ್ಡಿಗೆ ಹೋಗುತ್ತದೆ. ಇನ್ನೊಂದು ಮೂತಿಯ ಹೋಸ್ ಕಾರಿನ ಅಡಿಗೆ ಇಳಿದು, ಪೆಟ್ರೋಲ್ ಪೈಪಿನ ಪಕ್ಕದಲ್ಲೇ ಸಾಗಿ, ಹಿಂದಿನ ಇದ್ದಿಲಿನ ಡಬ್ಬಿಯನ್ನು ಸೇರುತ್ತದೆ.

ಕಾಣದಿದ್ದರೆ ಕಾರಿನ ಅಡಿಯಿಂದ ಮೇಲೆ ಬರುವ ಪೈಪುಗಳನ್ನು ಹಿಡಿದು ಹೋಗಿ. ಪೆಟ್ರೋಲ್ ಪೈಪು ಇಂಜೆಕ್ಟರ್‌ಗಳ ಸಾಲಿಗೆ ಹೋಗುತ್ತದೆ, ಆವಿಯ ಪೈಪು ಪರ್ಜ್ ವಾಲ್ವಿಗೆ ಹೋಗುತ್ತದೆ. ಇವೆರಡನ್ನು ಅದಲುಬದಲು ಮಾಡಿಕೊಳ್ಳಲೇಬೇಡಿ. ಪೆಟ್ರೋಲ್ ಪೈಪಿನಲ್ಲಿ ಒತ್ತಡವಿರುತ್ತದೆ, ಬಿಚ್ಚಿದರೆ ಮುಖಕ್ಕೆ ಚಿಮ್ಮುತ್ತದೆ. ಖಚಿತವಾಗುವ ತನಕ ಯಾವುದನ್ನೂ ಬಿಚ್ಚದಿರುವುದೇ ಜಾಣತನ. ಎಂಜಿನ್ ಬಿಸಿಯಾಗಿದ್ದಾಗ ಕಿವಿಯೂ ನೆರವಿಗೆ ಬರುತ್ತದೆ: ಕೆಲಸ ಮಾಡುತ್ತಿರುವ ಪರ್ಜ್ ವಾಲ್ವ್ ‘ಟಿಕ್ ಟಿಕ್’ ಎನ್ನುತ್ತದೆ. ಇಂಜೆಕ್ಟರ್‌ಗಳೂ ಟಿಕ್ಕೆನ್ನುತ್ತವೆಯಾದ್ದರಿಂದ ಬೆರಳು ಮುಟ್ಟಿಸಿ ನೋಡಿ, ಮಿಡಿತ ಬೆರಳಿಗೇ ತಿಳಿಯುತ್ತದೆ. ಅದು ಸಹಜ ಸದ್ದು. ಅದನ್ನೇ ಕಾಯಿಲೆಯೆಂದು ಭಾವಿಸಿ ಒಳ್ಳೆಯ ವಾಲ್ವನ್ನು ಕಿತ್ತು ಹಾಕಿಸಿದವರನ್ನು ನೋಡಿದ್ದೇನೆ.

ಟರ್ಬೊ ಎಂಜಿನ್ನಿನಲ್ಲಿ ಒಂದು ತೊಡಕಿದೆ. ಟರ್ಬೊ ಗಾಳಿ ತುಂಬುವಾಗ ಮ್ಯಾನಿಫೋಲ್ಡಿನಲ್ಲಿ ಸೆಳೆತವಿರುವುದಿಲ್ಲ, ಒತ್ತಡವಿರುತ್ತದೆ. ಹಾಗಾಗಿ ಪರ್ಜ್ ದಾರಿ ಕವಲೊಡೆದು, ಒಂದು ಕವಲು ಮ್ಯಾನಿಫೋಲ್ಡಿಗೂ ಇನ್ನೊಂದು ಟರ್ಬೊಗೆ ಗಾಳಿ ತರುವ ಕೊಳವೆಗೂ ಹೋಗುವುದುಂಟು. ನಡುವೆ ಒಮ್ಮುಖ ವಾಲ್ವ್‌ಗಳಿರುತ್ತವೆ. ಟರ್ಬೊ ಒತ್ತಡವನ್ನು ನಿಯಂತ್ರಿಸುವ ವಿದ್ಯುತ್ ವಾಲ್ವ್ (ಸೊಲೆನಾಯ್ಡ್) ಕೂಡ ನೋಡಲು ಹೀಗೆಯೇ ಇರುತ್ತದೆ. ಹೋಸ್ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬುದೇ ಅಲ್ಲಿ ಸರಿಯಾದ ಗುರುತು. ಇನ್ನು ಕೆಲವು ಕಾರುಗಳಲ್ಲಿ ಪರ್ಜ್ ವಾಲ್ವ್ ಹಿಂಬದಿಯಲ್ಲಿ, ಇದ್ದಿಲಿನ ಡಬ್ಬಿಯ ಹತ್ತಿರವೇ ಇರುತ್ತದೆ. ಅಲ್ಲಿಯೇ ವೆಂಟ್ ವಾಲ್ವೂ ಇರುವುದರಿಂದ ಎಚ್ಚರ ಬೇಕು. ವೆಂಟ್ ವಾಲ್ವ್ ವಿದ್ಯುತ್ ಇಲ್ಲದಾಗ ತೆರೆದಿರುತ್ತದೆ, ಪರ್ಜ್ ವಾಲ್ವಿಗೆ ತದ್ವಿರುದ್ಧ. ಒಂದರ ಪರೀಕ್ಷೆಯನ್ನು ಇನ್ನೊಂದಕ್ಕೆ ಮಾಡಿದರೆ ಫಲಿತಾಂಶ ತಲೆಕೆಳಗಾಗುತ್ತದೆ.

ಬೆರಳಿನ ಪರೀಕ್ಷೆ

ಬಯಲಿನಲ್ಲಿ, ಗಾಳಿಯಾಡುವ ಕಡೆ ಕಾರು ನಿಲ್ಲಿಸಿ. ಹತ್ತಿರದಲ್ಲಿ ಬೀಡಿ, ಸಿಗರೇಟು, ಯಾವುದೇ ಕಿಡಿ ಬೇಡ. ಸಡಿಲವಾದ ತೋಳು, ದುಪಟ್ಟಾ, ಕೊರಳ ಸರ ಫ್ಯಾನಿನಿಂದ ದೂರವಿರಲಿ. ಎಂಜಿನ್ ಆರಿದ್ದರೂ ರೇಡಿಯೇಟರ್ ಫ್ಯಾನ್ ತಾನಾಗಿ ತಿರುಗಬಹುದು.

ಎಂಜಿನ್ ಆರಿರುವಾಗ ಪರ್ಜ್ ವಾಲ್ವಿನಿಂದ ಟ್ಯಾಂಕಿನ ಕಡೆಗೆ ಹೋಗುವ ಹೋಸನ್ನು ವಾಲ್ವಿನ ಬಳಿ ಬಿಚ್ಚಿ. ಮ್ಯಾನಿಫೋಲ್ಡಿನ ಕಡೆಯದನ್ನು ಮುಟ್ಟಬೇಡಿ. ಕ್ಲಿಪ್ಪಿನ ಎರಡೂ ಕಿವಿಗಳನ್ನು ಒತ್ತಿ ನೇರವಾಗಿ ಎಳೆಯಿರಿ. ಎಂಜಿನ್ನಿನ ಕಾವಿಗೆ ವರ್ಷಗಟ್ಟಲೆ ಬೆಂದ ಪ್ಲಾಸ್ಟಿಕ್ ಅದು, ಸ್ಕ್ರೂಡ್ರೈವರಿನಿಂದ ಮೀಟಿದರೆ ಮುರಿಯುತ್ತದೆ. ಬಿಚ್ಚಿದ ಹೋಸಿನ ಬಾಯಿಗೆ ಒಂದು ಬಟ್ಟೆ ತುರುಕಿ.

ಈಗ ಎಂಜಿನ್ ಸ್ಟಾರ್ಟ್ ಮಾಡಿ ಐಡಲಿನಲ್ಲಿ ಬಿಟ್ಟು, ವಾಲ್ವಿನ ಖಾಲಿ ಮೂತಿಯ ಮೇಲೆ ಬೆರಳಿಡಿ. ತಣ್ಣಗಿನ ಎಂಜಿನ್ನಿನಲ್ಲಿ ಸೆಳೆತ ಇರಬಾರದು. ಸೆಳೆತ ಕಂಡರೆ ತಕ್ಷಣ ತೀರ್ಪು ಕೊಡಬೇಡಿ, ಕೆಲವು ಕಾರುಗಳಲ್ಲಿ ಇಸಿಯು ಬೇಗನೆ ಪರ್ಜ್ ಶುರುಮಾಡುತ್ತದೆ. ಅಂಥ ಸೆಳೆತ ಮಿಡಿಯುತ್ತಾ ಬರುತ್ತದೆ. ಈಗ ವಾಲ್ವಿನ ವಿದ್ಯುತ್ ಕನೆಕ್ಟರನ್ನು ಕಿತ್ತುಬಿಡಿ. ಮೊದಲು ಹೇಳಿದ ಮಾತು ಇಲ್ಲಿ ಕೆಲಸಕ್ಕೆ ಬರುತ್ತದೆ: ವಿದ್ಯುತ್ ಇಲ್ಲದ ವಾಲ್ವ್ ಮುಚ್ಚಿರಲೇಬೇಕು. ಕನೆಕ್ಟರ್ ಕಿತ್ತ ಮೇಲೂ ಬೆರಳನ್ನು ಹೀರಿ ಹಿಡಿಯುತ್ತಿದ್ದರೆ ಆ ವಾಲ್ವ್ ಕೆಟ್ಟಿದೆ. ಇಸಿಯು ಆಗಲಿ, ತಂತಿ ಆಗಲಿ, ಬೇರಾರೂ ಇದಕ್ಕೆ ಹೊಣೆಯಲ್ಲ. ಕನೆಕ್ಟರ್ ಕಿತ್ತಾಗ ಸೆಳೆತ ನಿಂತುಹೋದರೆ ವಾಲ್ವ್ ಮುಚ್ಚುತ್ತಿದೆ ಎಂದಾಯಿತು, ಆ ಸೆಳೆತ ಮಿಡಿಯದೆ ಒಂದೇ ಸಮನೆ ಇದ್ದಿದ್ದರೆ ಅನುಮಾನ ತಂತಿಯ ಕಡೆಗೆ ಹೊರಳಬೇಕು. ಕನೆಕ್ಟರ್ ಕಿತ್ತದ್ದರಿಂದ ಹೊಸದೊಂದು ಕೋಡ್ ದಾಖಲಾಗುತ್ತದೆ. ಕೊನೆಯಲ್ಲಿ ಅದನ್ನು ಅಳಿಸಿದರೆ ಸಾಕು.

ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಇದೇ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ. ಈ ಹೆಜ್ಜೆಯನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ತಣ್ಣಗಿದ್ದಾಗ ಬಿಗಿಯಾಗಿ ಮುಚ್ಚುವ ವಾಲ್ವ್ ಕಾವೇರಿದ ಮೇಲೆ ಸೋರುವುದುಂಟು. ನನ್ನ ಕಾರಿನದು ಹಾಗೆಯೇ ಇತ್ತು. ಬೆಳಿಗ್ಗೆ ಪರೀಕ್ಷಿಸಿದಾಗ ನಿರಪರಾಧಿ, ಮಧ್ಯಾಹ್ನ ಪರೀಕ್ಷಿಸಿದಾಗ ಬೆರಳನ್ನು ಎಳೆದುಕೊಂಡಿತು.

ಕನೆಕ್ಟರ್ ಮರಳಿ ಜೋಡಿಸಿ, ಬಿಸಿ ಎಂಜಿನ್ನಿನ ವೇಗವನ್ನು ಸ್ವಲ್ಪ ಏರಿಸಿ ಹಿಡಿದಾಗ ಬೆರಳಿಗೆ ಮಿಡಿಯುವ ಸೆಳೆತ ಸಿಕ್ಕರೆ ವಾಲ್ವ್ ತೆರೆಯುತ್ತಿದೆ ಎಂದರ್ಥ. ಎಷ್ಟು ಕಾದರೂ ಸಿಗದಿದ್ದರೆ ಅದು ಮುಚ್ಚಿಕೊಂಡಿರಬಹುದು, ಅಥವಾ ಇಸಿಯು ಆಜ್ಞೆಯನ್ನೇ ಕೊಡುತ್ತಿಲ್ಲದಿರಬಹುದು. ಅದನ್ನು ಬಿಡಿಸಲು ಮಲ್ಟಿಮೀಟರ್ ಬೇಕು.

ಬಿಚ್ಚಿ ನೋಡುವುದು

ಎಂಜಿನ್ ಆರಿಸಿ ವಾಲ್ವನ್ನು ಹೊರತೆಗೆಯಿರಿ. ಮೊದಲು ಒಂದು ಫೋಟೊ ತೆಗೆದುಕೊಳ್ಳಿ, ಯಾವ ಮೂತಿ ಯಾವ ಕಡೆಗಿತ್ತು ಎಂಬುದು ಆಮೇಲೆ ಬೇಕಾಗುತ್ತದೆ. ಕೈ ವ್ಯಾಕ್ಯೂಮ್ ಪಂಪ್ ಇದ್ದರೆ ಮ್ಯಾನಿಫೋಲ್ಡ್ ಕಡೆಯ ಮೂತಿಗೆ ಜೋಡಿಸಿ ಎಳೆಯಿರಿ. ಪಂಪಿನ ಮಾಪಕದ ಮುಳ್ಳು ನಿಂತಲ್ಲೇ ನಿಲ್ಲಬೇಕು. ಪಂಪ್ ಇಲ್ಲದಿದ್ದರೆ ಶುದ್ಧವಾದ ಒಂದು ತುಂಡು ಹೋಸ್ ಸಿಕ್ಕಿಸಿ, ಟ್ಯಾಂಕ್ ಕಡೆಯ ಮೂತಿಯಿಂದ ಮೆಲ್ಲಗೆ ಊದಿ. ಗಾಳಿ ದಾಟಬಾರದು. ಊದುವುದಷ್ಟೇ, ಬಾಯಿಂದ ಹೀರಲೇಬೇಡಿ. ಒಳಗಿರುವುದು ಪೆಟ್ರೋಲಿನ ಆವಿ, ಅದು ವಿಷ.

ಮಲ್ಟಿಮೀಟರನ್ನು ಓಮ್‌ಗೆ ತಿರುಗಿಸಿ ವಾಲ್ವಿನ ಎರಡು ಪಿನ್‌ಗಳ ನಡುವೆ ಅಳೆಯಿರಿ. ಹೆಚ್ಚಿನ ವಾಲ್ವ್‌ಗಳಲ್ಲಿ 20ರಿಂದ 30 ಓಮ್ ಆಸುಪಾಸು ಬರುತ್ತದೆ. ನಿಮ್ಮ ಕಾರಿನ ನಿಖರ ಅಂಕಿ ಅದರ ಸರ್ವಿಸ್ ಕೈಪಿಡಿಯಲ್ಲಿರುತ್ತದೆ. ಮೀಟರ್ ಅನಂತ ತೋರಿಸಿದರೆ ಸುರುಳಿ ತುಂಡಾಗಿದೆ. ಸೊನ್ನೆಯ ಹತ್ತಿರವಿದ್ದರೆ ಸುರುಳಿ ಶಾರ್ಟ್ ಆಗಿದೆ, ಇದು ಹೆಚ್ಚು ಅಪಾಯದ್ದು. 24 ಓಮಿನ ಸುರುಳಿ 12 ವೋಲ್ಟಿನಲ್ಲಿ ಎಳೆಯುವುದು ಅರ್ಧ ಆಂಪಿಯರ್. ಎರಡೇ ಓಮ್ ಉಳಿದಿದ್ದರೆ ಆರು ಆಂಪಿಯರ್ ಹರಿಯುತ್ತದೆ, ಅದನ್ನು ಸಹಿಸಬೇಕಾದದ್ದು ಇಸಿಯು ಒಳಗಿನ ಪುಟ್ಟ ಸ್ವಿಚ್ಚು. ಅಂಥ ವಾಲ್ವನ್ನು ‘ನೋಡೋಣ’ ಎಂದು ಮತ್ತೆ ಜೋಡಿಸಬೇಡಿ.

ಸುರುಳಿ ಸರಿಯಿದ್ದರೆ 12 ವೋಲ್ಟ್ ಕೊಟ್ಟು ನೋಡಿ. ಕಾರಿನಿಂದ, ಪೆಟ್ರೋಲ್ ವಾಸನೆಯಿಂದ ದೂರ ಹೋಗಿ, ವಾಲ್ವಿನೊಳಗೆ ಆವಿ ಉಳಿಯದಂತೆ ಗಾಳಿಗೆ ಇಟ್ಟ ಮೇಲೆ, ಫ್ಯೂಸ್ ಇರುವ ತಂತಿಯಿಂದ ಒಂದೆರಡು ಸೆಕೆಂಡ್ ಮಾತ್ರ ಕೊಡಿ. ಧನ, ಋಣ ಗುರುತಿದ್ದರೆ ಅದರಂತೆಯೇ ಜೋಡಿಸಿ. ‘ಟಕ್’ ಎನ್ನಬೇಕು, ಆಗ ಊದಿದರೆ ಗಾಳಿ ದಾಟಬೇಕು, ವಿದ್ಯುತ್ ತೆಗೆದೊಡನೆ ನಿಲ್ಲಬೇಕು. ಸದ್ದು ಬಂದ ಮಾತ್ರಕ್ಕೆ ಒಳ್ಳೆಯದೆಂದು ಬಿಡಬೇಡಿ. ಒಳಗಿನ ದಂಡ ಜಿಗಿದರೂ ರಬ್ಬರ್ ಸೀಲ್ ಹರಿದಿದ್ದರೆ ಗಾಳಿ ಸೋರುತ್ತಲೇ ಇರುತ್ತದೆ.

ಇನ್ನು ತಂತಿಯ ಕಡೆ. ಇಗ್ನಿಷನ್ ಆನ್ ಮಾಡಿ, ಕಿತ್ತ ಕನೆಕ್ಟರಿನ ಒಂದು ಪಿನ್ನಿಗೂ ಬ್ಯಾಟರಿಯ ಋಣ ತುದಿಗೂ ಮೀಟರ್ ಹಿಡಿಯಿರಿ. ಬ್ಯಾಟರಿಯಷ್ಟೇ ವೋಲ್ಟ್ ಸಿಗಬೇಕು. ಕೆಲವು ಕಾರುಗಳಲ್ಲಿ ಎಂಜಿನ್ ಓಡುವಾಗ ಮಾತ್ರ ಸಿಗುತ್ತದೆ. ಎರಡೂ ಪಿನ್ ನೋಡಿ, ಎಲ್ಲಿಯೂ ಸಿಗದಿದ್ದರೆ ಫ್ಯೂಸ್ ನೋಡಿ. ಇನ್ನೊಂದು ಪಿನ್ ಇಸಿಯು ಅರ್ಥ್ ಕೊಡುವ ತಂತಿ. ಎರಡೂ ಪಿನ್‌ಗಳ ನಡುವೆ ಎಲ್‌ಇಡಿ ಟೆಸ್ಟ್ ಲ್ಯಾಂಪ್ ಹಿಡಿದು ಬಿಸಿ ಎಂಜಿನ್ನಿನ ವೇಗ ಏರಿಸಿದರೆ ದೀಪ ಮಿನುಗಬೇಕು. ಕನೆಕ್ಟರ್ ಕಿತ್ತಿರುವುದನ್ನು ಗಮನಿಸಿದ ಕೆಲವು ಇಸಿಯುಗಳು ಆಜ್ಞೆಯನ್ನೇ ನಿಲ್ಲಿಸುವುದರಿಂದ, ಮಿನುಗದ ಒಂದೇ ಕಾರಣಕ್ಕೆ ಇಸಿಯು ಕೆಟ್ಟಿದೆ ಎನ್ನಬೇಡಿ. ಎಂಜಿನ್ ಓಡದಿದ್ದಾಗಲೂ ದೀಪ ಆರದೆ ಹೊಳೆಯುತ್ತಿದ್ದರೆ ಆ ತಂತಿ ಎಲ್ಲೋ ಕಾರಿನ ಲೋಹದ ಮೈಗೆ ತಾಗಿರಬಹುದು.

ಸ್ಕ್ಯಾನರ್ ಇದ್ದವರಿಗೆ

ಐಡಲಿನಲ್ಲಿ ಶಾರ್ಟ್ ಟರ್ಮ್ ಫ್ಯೂಯೆಲ್ ಟ್ರಿಮ್ (ಇಸಿಯು ಆ ಕ್ಷಣ ಪೆಟ್ರೋಲನ್ನು ಎಷ್ಟು ಹೆಚ್ಚಿಸುತ್ತಿದೆ ಅಥವಾ ಕಡಿತಗೊಳಿಸುತ್ತಿದೆ ಎಂಬ ಅಂಕಿ) ನೋಡುತ್ತಾ, ಟ್ಯಾಂಕ್ ಕಡೆಯ ಹೋಸ್ ಬಿಚ್ಚಿ ವಾಲ್ವಿನ ಮೂತಿಯನ್ನು ಬೆರಳಿನಿಂದ ಪೂರ್ತಿ ಮುಚ್ಚಿ. ಅಂಕಿ ತಟ್ಟನೆ ಸೊನ್ನೆಯ ಕಡೆಗೆ ಬಂದರೆ, ಪರ್ಜ್ ದಾರಿಯೇ ಮಿಶ್ರಣವನ್ನು ಕೆಡಿಸುತ್ತಿತ್ತು. ಅಂಕಿ ಮೊದಲು ಯಾವ ಕಡೆ ಇತ್ತು ಎಂಬುದೂ ಅರ್ಥಪೂರ್ಣ. ಇದ್ದಿಲಿನ ಡಬ್ಬಿ ಆವಿಯಿಂದ ತುಂಬಿದ್ದರೆ ತೆರೆದ ವಾಲ್ವಿನಿಂದ ಪೆಟ್ರೋಲ್ ಹೆಚ್ಚಾಗಿ ಟ್ರಿಮ್ ಋಣಕ್ಕೆ ಇಳಿಯುತ್ತದೆ. ಡಬ್ಬಿ ಖಾಲಿಯಾಗಿದ್ದರೆ ಅದೇ ವಾಲ್ವಿನಿಂದ ಬರಿಯ ಗಾಳಿ ಬಂದು ಟ್ರಿಮ್ ಧನಕ್ಕೆ ಏರುತ್ತದೆ. ಒಂದೇ ಕೆಟ್ಟ ವಾಲ್ವ್ ಒಂದು ವಾರ ಪಿ0172 (ಮಿಶ್ರಣದಲ್ಲಿ ಪೆಟ್ರೋಲ್ ಹೆಚ್ಚು) ಎಂದೂ ಮರುವಾರ ಪಿ0171 (ಪೆಟ್ರೋಲ್ ಕಡಿಮೆ) ಎಂದೂ ದೂರು ಕೊಡಿಸಬಲ್ಲದು. ಅನುಭವಿಗಳೂ ದಾರಿ ತಪ್ಪುವುದು ಇಲ್ಲಿಯೇ.

ಹೊಸದನ್ನು ಹಾಕುವ ಮುನ್ನ

ಹಳೆಯ ವಾಲ್ವನ್ನು ಬಿಳಿ ಕಾಗದದ ಮೇಲೆ ಕುಟ್ಟಿ. ಕಪ್ಪು ಕಾಳುಗಳು ಉದುರಿದರೆ ಡಬ್ಬಿಯ ಇದ್ದಿಲು ಒಡೆದು ಪೈಪಿನಲ್ಲಿ ಹರಿದು ಬಂದಿದೆ. ವಾಲ್ವಿನ ಸೀಲಿನಡಿ ಸಿಕ್ಕಿ ಅದನ್ನು ತೆರೆದಿಟ್ಟಿರುವುದೂ ಆ ಕಾಳುಗಳೇ. ಹೊಸ ವಾಲ್ವ್ ಮಾತ್ರ ಹಾಕಿದರೆ ಅದಕ್ಕೂ ಕೆಲವೇ ದಿನಗಳಲ್ಲಿ ಅದೇ ಗತಿ. ಡಬ್ಬಿ ಬದಲಿಸಿ, ನಡುವಿನ ಪೈಪನ್ನು ಎರಡೂ ತುದಿ ಬಿಚ್ಚಿ ಊದಿ ಸ್ವಚ್ಛಗೊಳಿಸಬೇಕು. ಪೈಪು ಜೋಡಿಸಿರುವಾಗ ಕಂಪ್ರೆಸರ್ ಗಾಳಿ ಬಿಡಲೇಬಾರದು, ಈ ವ್ಯವಸ್ಥೆ ಅಂಥ ಒತ್ತಡಕ್ಕೆ ಕಟ್ಟಿದ್ದಲ್ಲ.

ಇದ್ದಿಲು ಹಾಳಾಗಲು ಮುಖ್ಯ ಕಾರಣ ನಮ್ಮದೇ ಒಂದು ಅಭ್ಯಾಸ. ಬಂಕಿನ ಗನ್ ‘ಟಕ್’ ಎಂದು ತಾನಾಗಿ ನಿಂತ ಮೇಲೂ ಇನ್ನೊಂದಿಷ್ಟು ಹಾಕಿಸುತ್ತೇವೆ. ಆವಿಗೆಂದು ಇರುವ ದಾರಿಯಲ್ಲಿ ದ್ರವ ಪೆಟ್ರೋಲೇ ಹರಿದು ಡಬ್ಬಿಯನ್ನು ತೋಯಿಸುತ್ತದೆ.

ವಾಲ್ವಿನೊಳಗೆ ಕ್ಲೀನರ್ ಸ್ಪ್ರೇ ಹೊಡೆದು ಸರಿಮಾಡುವ ಉಪಾಯವನ್ನು ನಾನು ಒಪ್ಪುವುದಿಲ್ಲ. ಕೆಲವು ದಿನ ನಡೆಯಬಹುದು, ಆದರೆ ರಬ್ಬರ್ ಸೀಲ್ ಉಬ್ಬಿದರೆ ಮೊದಲಿಗಿಂತ ಕೆಡುತ್ತದೆ. ಹೊಸ ವಾಲ್ವ್ ಬರುವ ತನಕ ಕಾರು ಓಡಲೇಬೇಕಿದ್ದರೆ ಮ್ಯಾನಿಫೋಲ್ಡಿನ ಮೂತಿಗೆ ಬಿಗಿಯಾದ ರಬ್ಬರ್ ಮುಚ್ಚಳ ಹಾಕಿ. ಬಿಡಿಯಾದ ಹೋಸಿನ ತುದಿಯಿಂದ ಪೆಟ್ರೋಲ್ ಆವಿ ಬರಬಹುದು, ಅದು ಬಿಸಿ ಭಾಗಗಳ ಹತ್ತಿರ ತೆರೆದಿರದಂತೆ ಅದನ್ನೂ ಮುಚ್ಚಿ. ದೀಪ ಹೊತ್ತಿಯೇ ಇರುತ್ತದೆ. ಇದು ಎರಡು ಮೂರು ದಿನದ ಏರ್ಪಾಡು, ಹಾಗೆಯೇ ಬಿಟ್ಟುಬಿಡುವಂಥದ್ದಲ್ಲ.

ಹೊಸದನ್ನು ಕೊಳ್ಳುವಾಗ ಹಳೆಯದರ ಮೇಲಿನ ಸಂಖ್ಯೆ ಹೊಂದಿಸಿ. ಹಾಕುವ ಮೊದಲೇ ಅದರ ಓಮ್ ಅಳೆದು, ಊದಿ ನೋಡಿ. ಮೈಮೇಲೆ ಬಾಣದ ಗುರುತಿದ್ದರೆ ಅದು ಮ್ಯಾನಿಫೋಲ್ಡಿನ ಕಡೆ ತಿರುಗಿರಲಿ. ಓ-ರಿಂಗ್ ಹಳೆಯದು ಬೇಡ. ಜೋಡಿಸಿದ ಮೇಲೆ ಕೋಡ್ ಅಳಿಸಿ, ಬೆರಳಿನ ಪರೀಕ್ಷೆಯನ್ನು ಬಿಸಿ ಎಂಜಿನ್ನಿನಲ್ಲಿ ಇನ್ನೊಮ್ಮೆ ಮಾಡಿ.

ಇಸಿಯು ತನ್ನದೇ ಸೋರಿಕೆ ಪರೀಕ್ಷೆಯನ್ನು ನಡೆಸಲು ದಿನಗಳೇ ಹಿಡಿಯಬಹುದು. ರಾತ್ರಿಯಿಡೀ ತಣ್ಣಗಾದ ಎಂಜಿನ್ ಬೇಕು, ಟ್ಯಾಂಕ್ ತೀರಾ ತುಂಬಿರಬಾರದು, ತೀರಾ ಖಾಲಿಯೂ ಆಗಿರಬಾರದು. ಅನೇಕ ಕಾರುಗಳಲ್ಲಿ ಈ ಮಿತಿ ಶೇಕಡಾ 15ರಿಂದ 85. ಅಲ್ಲಿಯವರೆಗೆ ದೀಪ ಆರಿದ್ದರೂ ಕೆಲಸ ಮುಗಿಯಿತೆಂದು ಹೇಳಲಾಗದು. ಆ ಪರೀಕ್ಷೆ ದಾಟಿದ ಮೇಲೆ ಒಮ್ಮೆ ಟ್ಯಾಂಕ್ ತುಂಬಿಸಿ, ಗನ್ ಮೊದಲ ಸಲ ನಿಂತಾಗ ನಿಲ್ಲಿಸಿ, ಕಾರನ್ನು ಬದಿಗೆ ಹಾಕಿ ಹತ್ತು ನಿಮಿಷ ಬಿಟ್ಟು, ಆಕ್ಸಿಲರೇಟರ್ ಮುಟ್ಟದೆ ಕೀಲಿ ತಿರುಗಿಸಿ. ಮೊದಲ ಸುತ್ತಿಗೇ ಎಂಜಿನ್ ಹಿಡಿಯಬೇಕು.